ಕಾಕಾನ ಕಿವಿ, ಕಾಕುವಿನ ಟ್ರಕ್ಕು ಮತ್ತು ಆಕ್ಟೇನು

ಚಿಂತೆ ಮಾಡುವುದಕ್ಕೆ ಸಂಬಳ ಕೊಡುವ ಇಲಾಖೆಯೊಂದು ಸರ್ಕಾರದಲ್ಲಿ ಇದ್ದಿದ್ದರೆ ನಮ್ಮ ಕಾಕಾ ಅದರ ಮುಖ್ಯಸ್ಥರಾಗಿರುತ್ತಿದ್ದರು. ನಿವೃತ್ತಿಯ ವಯಸ್ಸು ದಾಟಿದರೂ ಅವರನ್ನು ಬಿಟ್ಟುಕೊಡಲು ಯಾರೂ ಒಪ್ಪುತ್ತಿರಲಿಲ್ಲ! ಬೇರೆಯವರು ಮಳೆ ಬಂದರೆ ಕೊಡೆ ಹುಡುಕುತ್ತಾರೆ. ಕಾಕಾ ಮಳೆ ಬಾರದಿದ್ದಾಗ, ಬಹಳ ದಿನ ಮಡಿಚಿಟ್ಟ ಕೊಡೆಯ ಕಡ್ಡಿಗೆ ತುಕ್ಕು ಹಿಡಿಯಿತೇನೋ ಎಂದು ಚಿಂತಿಸುತ್ತಾರೆ. ಮಗಳು ದಿನಾ ಫೋನು ಮಾಡಿದರೆ ಗಂಡನ ಮನೆಯಲ್ಲಿ ಏನು ಕಷ್ಟವೋ ಎಂಬ ಚಿಂತೆ, ಮಾಡದಿದ್ದರೆ ಹೇಳಿಕೊಳ್ಳಲಾರದ ಕಷ್ಟವಿರಬೇಕು ಎಂಬ ಚಿಂತೆ. ಆದರೆ ಈಚೆಗೆ ಅವರಿಗೆ ಅಂಟಿಕೊಂಡ ಚಿಂತೆಯೊಂದು ಮಿಕ್ಕಿದ್ದನ್ನೆಲ್ಲ ಮೂಲೆಗೆ ತಳ್ಳಿತು. ಅದರ ಹೆಸರು ಆಕ್ಟೇನ್.

ನಾನು ಕೆಲಸ ಮಾಡುವುದು ಹೈದರಾಬಾದಿನ ಕೋಠಿಯ ಸಗಟು ಔಷಧದ ಅಂಗಡಿಯಲ್ಲಿ. ಮೊದಲ ಸಲ ಕಾಕಾ ಫೋನಿನಲ್ಲಿ ನಡುಗುವ ದನಿಯಲ್ಲಿ, "ಯವ್ವಾ, ಆಕ್ಟೇನ್ ಕಡಿಮಿ ಆಗೈತಿ ಅಂತ ಕಾಣಸ್ತೈತಿ" ಎಂದಾಗ ನಾನು ಗಾಬರಿಯಿಂದ, "ಯಾರಿಗಿ ಕಾಕಾ? ಡಾಕ್ಟರು ಎಷ್ಟು ಪವರಿಂದು ಬರದಾರ?" ಎಂದು ಕೇಳಿದೆ. "ತೊಂಬತ್ತೈದು" ಎಂದರು. ಕಪಾಟುಗಳನ್ನೆಲ್ಲ ಹುಡುಕಿಸಿ, "ಅದು ಸ್ಟಾಕ್ ಇಲ್ರಿ ಕಾಕಾ, ನಾಳಿ ತರಸ್ತೀನಿ" ಎಂದೂ ಹೇಳಿದೆ! ಅದು ಪೆಟ್ರೋಲಿನ ವಿಚಾರವೆಂದು, ರೋಗಿ ಕಾಕಾನ ಹೆಂಡತಿಯಾದ ನಮ್ಮ ಕಾಕುವಿನ ಟ್ರಕ್ಕೆಂದು ಗೊತ್ತಾಗುವ ಹೊತ್ತಿಗೆ ನಮ್ಮ ಮಾಲೀಕರು ನನ್ನನ್ನು ಒಂದು ಥರಾ ನೋಡತೊಡಗಿದ್ದರು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಬಾಗಲಕೋಟೆ ಕಡೆಯಿಂದ ಹರೆಯದಲ್ಲೇ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸೇರಿ, ಸನತ್‌ನಗರದಲ್ಲೇ ಮನೆ ಮಾಡಿಕೊಂಡು ನಿವೃತ್ತರಾದವರು. ಕಾರ್ಖಾನೆಯಲ್ಲಿ ಅವರ ಕೆಲಸ ತಪಾಸಣೆ. ಎರಕ ಹೊಯ್ದ ಲೋಹದ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದು, ಕಣ್ಣು ಮುಚ್ಚಿ, ಬರುವ ದನಿ ಕೇಳಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು. ಯಂತ್ರಗಳು ಬಂದ ಮೇಲೂ ಸಾಹೇಬರು ಅನುಮಾನ ಬಂದಾಗ ಇವರನ್ನೇ ಕರೆಸುತ್ತಿದ್ದರಂತೆ. ಹೀಗಾಗಿ ಕಾಕಾನಿಗೆ ತಮ್ಮ ಕಿವಿಯ ಮೇಲೆ ಇರುವಷ್ಟು ಅಭಿಮಾನ ನಮ್ಮ ಕಡೆಯ ಕೆಲವರಿಗೆ ತಮ್ಮ ಮೀಸೆಯ ಮೇಲೂ ಇಲ್ಲ.

ನಿವೃತ್ತಿಯಾದರೇನು, ಬಡಿಯುವ ಕೈ ಸುಮ್ಮನಿರುತ್ತದೆಯೇ? ಮಾರುಕಟ್ಟೆಯಲ್ಲಿ ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡುತ್ತಾರೆ. ಕಾಕಾ ಬದನೆಕಾಯಿಯನ್ನೂ ಬಡಿಯುತ್ತಾರೆ. ನನ್ನ ಮದುವೆಗೆ ಮೊದಲು ನನ್ನ ಗಂಡನಾಗುವವನನ್ನು ನೋಡಲು ಬಂದ ಕಾಕಾ ಅವನ ಬೆನ್ನನ್ನು ತಪತಪ ತಟ್ಟಿದರು. ಪಾಪ, ಆತ ಆಶೀರ್ವಾದವೆಂದು ತಿಳಿದು ಬಗ್ಗಿ ಕಾಲು ಮುಟ್ಟಿದ. ಕಾಕಾ ಹೊರಗೆ ಬಂದು ನಮ್ಮಪ್ಪನಿಗೆ ವರದಿ ಒಪ್ಪಿಸಿದ್ದು ಹೀಗೆ: "ಅಣ್ಣಾ, ಮಾಲು ಗಟ್ಟಿ ಐತಿ. ಒಳಗ ಬಿರುಕಿಲ್ಲ."

ಇನ್ನು ಕಾಕು. ಹಬ್ಬಕ್ಕೆಂದು ಅಕ್ಕಪಕ್ಕದ ಮನೆಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟಾಕೆ, ನೋಡನೋಡುತ್ತ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆಂಗಸರನ್ನು ಕೂರಿಸಿಕೊಂಡು ದಿನವೂ ರೊಟ್ಟಿ ತಟ್ಟಿಸುವ ಯಜಮಾನಿಯಾದರು. ಲಿಂಗಂಪಲ್ಲಿ ಕಡೆ ಮೈಸೂರು, ಮಂಗಳೂರು, ಬೆಂಗಳೂರಿನಿಂದ ನೌಕರಿಗೆ ಬಂದ ಹುಡುಗ ಹುಡುಗಿಯರು ತುಂಬಿಕೊಂಡಿದ್ದಾರಲ್ಲ, ಊರಿನಲ್ಲಿದ್ದಾಗ ಜೋಳದ ರೊಟ್ಟಿಯ ಮುಖ ನೋಡದಿದ್ದವರೂ ಇಲ್ಲಿ ಬಂದು "ಆಂಟಿ, ನಮ್ಮೂರಿನ ರೊಟ್ಟಿ" ಎಂದು ಕಣ್ಣೀರು ಹಾಕುತ್ತ ತಿನ್ನತೊಡಗಿದರು! ಆಟೋದಲ್ಲಿ ಸಾಗಿಸಿದರೆ ಅರ್ಧ ರೊಟ್ಟಿ ಪುಡಿಯಾಗುತ್ತಿತ್ತು. ಕಾಕು ನೀರಿನ ಕ್ಯಾನು ಮಾರುವವನೊಬ್ಬನಿಂದ ಹಳೆಯ ಪೆಟ್ರೋಲ್ ಮಿನಿ ಟ್ರಕ್ಕನ್ನು ಕೊಂಡರು.

ಓಡಿಸುವವರು ಯಾರು? ಮೊದಲು ಕಾಕಾ ಕಲಿಯಲು ಹೋದರು. ಆದರೆ ಎಂಜಿನ್ ಶುರುವಾದೊಡನೆ ಅದರ ಸದ್ದು ಕೇಳಲು ಅವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು! ಕಲಿಸಲು ಬಂದಾತ ಮರುದಿನದಿಂದ ಫೋನು ಎತ್ತಲಿಲ್ಲ. ಆಗ ಕಾಕು ಸೆರಗು ಸಿಕ್ಕಿಸಿ ತಾವೇ ಸ್ಟೇರಿಂಗಿನ ಮುಂದೆ ಕೂತರು. ಐವತ್ತು ದಾಟಿದ ಹೆಂಗಸು, ಇಳಕಲ್ ಸೀರೆ, ಹಣೆಗೆ ದೊಡ್ಡ ಕುಂಕುಮ, ಕೈಯಲ್ಲಿ ಟ್ರಕ್ಕು. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ದಾರಿ ಬಿಡುತ್ತಿದ್ದರು; ಗೌರವದಿಂದಲೋ ಭಯದಿಂದಲೋ ನನಗೆ ಗೊತ್ತಿಲ್ಲ.

ಮೊದಮೊದಲು ಕಾಕು ಒಬ್ಬರೇ ಹೋಗಿಬರುತ್ತಿದ್ದರು. ಒಂದು ಬೆಳಿಗ್ಗೆ ಫ್ಲೈಓವರಿನ ನಟ್ಟನಡುವೆ, ಏರಿನಲ್ಲಿ, ಗಾಡಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಕಾಕಾ ಸ್ನಾನಕ್ಕೆ ಹೋಗಿದ್ದರು. ಹೊರಬಂದು ನೋಡಿದರೆ ಫೋನಿನ ತುಂಬ ಕಾಕುವಿನ ಕರೆಗಳು. ಸಿಕ್ಕ ಆಟೋ ಹತ್ತಿ ಓಡಿದರು. ಫ್ಲೈಓವರ್ ಹತ್ತುವ ಮೊದಲೇ ಟ್ರಾಫಿಕ್ ಜಾಮ್! "ಯಾವ ಮೂರ್ಖ ರೋಡಿನಾಗ ಗಾಡಿ ನಿಂದರಿಸ್ಯಾನ!" ಎಂದು ಬೈಯುತ್ತ ಇಳಿದು, ವಾಹನಗಳ ಸಂದಿಯಲ್ಲಿ ನುಗ್ಗುತ್ತ ಮೇಲೆ ಹೋದರೆ, ಆ ಮೂರ್ಖ ಗಾಡಿ ನಮ್ಮದೇ. ಕಾಕು ತಡೆಗೋಡೆಗೆ ಆತು ನಿಂತು, ರೊಟ್ಟಿ ಡಬ್ಬಿಯ ಮುಚ್ಚಳ ಬೀಸಿ ಬಸ್ಸುಗಳನ್ನು ಪಕ್ಕಕ್ಕೆ ಕಳಿಸುತ್ತಿದ್ದರು. ಕಾಕಾ ನೋಡುತ್ತಿದ್ದಂತೆಯೇ ಒಂದು ಬಸ್ಸು ಅವರ ಸೆರಗನ್ನು ಸವರಿಕೊಂಡೇ ಹೋಯಿತು.

ಇದನ್ನು ಕಾಕು ಎಲ್ಲರಿಗೂ ನಗುನಗುತ್ತ ಹೇಳಿದರು. ಕಾಕಾ ಒಂದೇ ಒಂದು ಸಲ ನನಗೆ ಹೇಳಿದರು, ಬಸ್ಸಿನ ಮಾತು ಬಂದಾಗ ಅರ್ಧಕ್ಕೆ ನಿಲ್ಲಿಸಿ ನೀರು ಕೇಳಿದರು. ಮೆಕ್ಯಾನಿಕ್ಕು ಬಂದು, ಪೆಟ್ರೋಲಿನ ಪೈಪಿನಲ್ಲಿ ಕಸ ಸಿಕ್ಕಿದೆಯೆಂದು ಊದಿ ಸ್ವಚ್ಛ ಮಾಡಿ ಕೊಟ್ಟ. ಗಾಡಿ ಓಡಿತು. ಬೇರೆಯವರಾಗಿದ್ದರೆ ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಮರುದಿನದಿಂದ ಕಾಕಾ ಕಾಕುವಿನ ಪಕ್ಕದ ಸೀಟು ಹಿಡಿದು ಕೂತರು. ಕಣ್ಣು ಮುಚ್ಚಿ, ಕಿವಿ ತೆರೆದು. ಮತ್ತೆ ಗಾಡಿ ನಿಲ್ಲಬಾರದು, ಮತ್ತೆ ಕಾಕು ಒಬ್ಬರೇ ಆ ಏರಿನಲ್ಲಿ ನಿಲ್ಲಬಾರದು. ಇಷ್ಟೇ ಅವರಿಗೆ ಬೇಕಾದದ್ದು.

ಕೂತ ಮೊದಲ ದಿನವೇ ಅದು ಕೇಳಿಸಿತು. ಫ್ಲೈಓವರಿನ ಏರು ಬಂದೊಡನೆ, ಟಿಕ್ ಟಿಕ್ ಟಿಕ್ ಟಿಕ್.

"ಕೇಳಿದೇನ?"

"ಏನ್ರಿ?"

"ಟಿಕ್ ಟಿಕ್ ಅನ್ನಾಕತ್ತೈತಿ. ಎಂಜಿನ್ ಬಡಕೊಳ್ಳಾಕತ್ತೈತಿ!"

"ಹಾರ್ನ್ ಸಪ್ಪಳದಾಗ ನನಗ ನೀವು ಮಾತಾಡೋದ ಕೇಳವಲ್ದು, ಎಂಜಿನ್ ಎಲ್ಲಿ ಕೇಳಲಿ?" ಎಂದು ಕಾಕು ಗೇರು ಬದಲಿಸಿದರು.

ಕಾಕಾ ಅಲ್ಲಿ ಇಲ್ಲಿ ವಿಚಾರಿಸಿ ಬಂದು ನನಗೆ ಆಕ್ಟೇನ್ ಪಾಠ ಮಾಡಿದರು. ಎಂಜಿನ್ನಿನೊಳಗೆ ಪೆಟ್ರೋಲು ಮತ್ತು ಗಾಳಿಯನ್ನು ಬಿಗಿಯಾಗಿ ಅದುಮಿ, ಸರಿಯಾದ ಹೊತ್ತಿಗೆ ಕಿಡಿ ಹಾರಿಸಿ ಉರಿಸುತ್ತಾರಂತೆ. ಅದುಮಿದ್ದಕ್ಕೇ ಸಿಟ್ಟಾಗಿ ಪೆಟ್ರೋಲು ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಂಡರೆ ಒಳಗೆ ಟಿಕ್ ಟಿಕ್ ಎಂಬ ಬಡಿತ. ಏರು ಬಂದಾಗ, ಭಾರ ಹೆಚ್ಚಾದಾಗ ಇನ್ನೂ ಜೋರು. ಹಾಗೆಯೇ ಬಿಟ್ಟರೆ ಎಂಜಿನ್ನು ಒಂದು ದಿನ ಒಳಗಿಂದೊಳಗೇ ಕೆಟ್ಟು ಕೂರುತ್ತದೆ. ಆಕ್ಟೇನ್ ಎಂದರೆ ಪೆಟ್ರೋಲಿನ ತಾಳ್ಮೆಯ ಅಳತೆ.

"ತಿಳೀತೇನ ಯವ್ವಾ? ನಿಮ್ಮ ಕಾಕು ನೂರು ಆಕ್ಟೇನ್. ಎಷ್ಟು ಒತ್ತಿದ್ರೂ ಸುಮ್ಕ ಇರ್ತಾಳ."

"ಮತ್ತ ನೀವು ಕಾಕಾ?"

"ನಾ ಸೀಮಿಎಣ್ಣಿ!" ಎಂದು ಒಳಗಿನಿಂದ ಕಾಕುವೇ ಕೂಗಿ ಉತ್ತರ ಹೇಳಿದರು, ಕಾಕಾನ ಪರವಾಗಿ.

ಹಾಗಾದರೆ ಈ ಟ್ರಕ್ಕಿಗೆ ಎಷ್ಟು ಆಕ್ಟೇನ್ ಬೇಕು? ತೊಂಬತ್ತೊಂದೋ, ತೊಂಬತ್ತೈದೋ, ನೂರೋ? ಕಾಕಾ ಕೇಳದ ಮನುಷ್ಯನಿಲ್ಲ. ಒಬ್ಬ ಮೆಕ್ಯಾನಿಕ್ಕು ಸಾದಾ ಪೆಟ್ರೋಲು ಸಾಕೆಂದ. ಇನ್ನೊಬ್ಬ ಮೇಲಿನದು ಹಾಕಿದರೆ ಗಾಡಿ ಬೆಣ್ಣೆಯ ಹಾಗೆ ಓಡುತ್ತದೆಂದ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಈಗ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುತ್ತಾರೆ, ಅದರಿಂದ ಆಕ್ಟೇನ್ ಏರುತ್ತದೆ, ಹಳೆಯ ಗಾಡಿಯ ರಬ್ಬರು ಕರಗುತ್ತದೆ ಎಂದು ಒಂದೇ ಉಸಿರಿನಲ್ಲಿ ಸಮಾಧಾನವನ್ನೂ ದಿಗಿಲನ್ನೂ ಕೊಟ್ಟು ಹೋದರು. ಕಾಕಾ ಸಮಾಧಾನವನ್ನು ಅಲ್ಲೇ ಬಿಟ್ಟು ದಿಗಿಲನ್ನು ಮಾತ್ರ ಮನೆಯೊಳಗೆ ತಂದರು.

ಮೊದಲನೇ ಮೆಕ್ಯಾನಿಕ್ಕು ಒಂದು ಒಳ್ಳೆಯ ಮಾತನ್ನೂ ಹೇಳಿದ್ದ. "ಚಚಾ, ಟಾಂಕಿ ಕೇ ಢಕ್ಕನ್ ಕೇ ಅಂದರ್ ಲಿಖಾ ರಹತಾ, ದೇಖ್ ಲೋ." ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೇ ಬರೆದಿರುತ್ತದೆಯಂತೆ! ನಾವು ಮೂವರೂ ಓಡಿಹೋಗಿ ಮುಚ್ಚಳ ತೆಗೆದೆವು. ಒಳಗೆ ಚೀಟಿಯೇನೋ ಇತ್ತು. ಆದರೆ ಕಾಕು ಅಮಾವಾಸ್ಯೆಗೊಮ್ಮೆ ಗಾಡಿಗೆ ಪೂಜೆ ಮಾಡುವಾಗ, ಗಾಡಿಯ ಹೊಟ್ಟೆ ತಣ್ಣಗಿರಲಿ ಎಂದು ಮುಚ್ಚಳದೊಳಗೂ ಅರಿಸಿನ ಕುಂಕುಮ ಮೆತ್ತುತ್ತಿದ್ದರು. ಅದು ಪೆಟ್ರೋಲಿನ ಹನಿಗೆ ಕಲಸಿಕೊಂಡು, ಒಣಗಿ, ಪದರ ಪದರವಾಗಿ ಕೂತಿತ್ತು. ಅಂಕಿಯ ಒಂದು ಗೆರೆಯೂ ಕಾಣದು. ನಾನು ಉಗುರು ಹಾಕಿ ಕೆರೆಯಲು ಹೋದರೆ ಕಾಕಾ ಕೈ ಹಿಡಿದುಕೊಂಡರು.

"ಬ್ಯಾಡ ಯವ್ವಾ! ಪೂಜಿ ಮಾಡಿದ್ದು. ಕೆರದ ದಿನಾನೇ ಏನರೆ ಆದ್ರ?"

ದೇವರಿಗೂ ಆಕ್ಟೇನಿಗೂ ನಡುವೆ ಸಿಕ್ಕಿಕೊಂಡ ಮನುಷ್ಯನಿಗೆ ಯಾರು ಬುದ್ಧಿ ಹೇಳುವುದು? ಮುಚ್ಚಳ ಹಾಕಿದೆ.

ಪೆಟ್ರೋಲ್ ಬಂಕಿನ ಕತೆ ಇನ್ನೊಂದು. ಟ್ರಕ್ಕು ಎಂದರೆ ಡೀಸೆಲ್ ಎಂದು ಜಗತ್ತಿನ ನಂಬಿಕೆ. ನಮ್ಮದು ಗಿಡ್ಡ ಮೂತಿಯ ಪೆಟ್ರೋಲ್ ಟ್ರಕ್ಕು. ಒಂದು ದಿನ ಬಂಕಿನ ಹುಡುಗಿ ಅಭ್ಯಾಸಬಲದಿಂದ ಡೀಸೆಲ್ಲಿನ ನಳಿಕೆ ಎತ್ತಿಕೊಂಡು ಬಂದಳು. ಕಾಕಾ ಸೀಟಿನಿಂದ ಹಾರಿ, ಎರಡೂ ಅಂಗೈಗಳಿಂದ ಟ್ಯಾಂಕಿನ ಬಾಯಿ ಮುಚ್ಚಿ ನಿಂತರು.

"ಟ್ರಕ್ಕೇ ಕದಾ ಸಾರ್! ಡೀಸೆಲ್ ಕಾದಾ?" ಟ್ರಕ್ಕೇ ತಾನೇ, ಡೀಸೆಲ್ ಅಲ್ಲವೇ ಎಂದು ಅವಳು ತೆಲುಗಿನಲ್ಲಿ ಬೆರಗಾಗಿ ಕೇಳಿದಳು. ಕಾಕಾ ಅವಳಿಗೆ ಅಲ್ಲೇ ಪಾಠ ಶುರುಮಾಡಿದರು. ಡೀಸೆಲ್ಲಿಗೆ ಆಕ್ಟೇನ್ ಇಲ್ಲವಮ್ಮಾ, ಅದರ ಲೆಕ್ಕವೇ ಬೇರೆ, ಅದರ ಹೆಸರು ಸಿಟೇನ್, ಅದು ಬೇಗ ಹೊತ್ತಿಕೊಂಡಷ್ಟೂ ಒಳ್ಳೆಯದು, ಇದು ತಡೆದುಕೊಂಡಷ್ಟೂ ಒಳ್ಳೆಯದು. ತೆಲುಗು, ಹಿಂದಿ, ಕನ್ನಡ ಎಲ್ಲ ಬೆರೆತ ಪಾಠ. ಹಿಂದೆ ಸಾಲು ಬೆಳೆದು ರಸ್ತೆಗೆ ಬಂತು. ಆ ದಿನದಿಂದ ನಮ್ಮ ಟ್ರಕ್ಕು ಬಂಕಿನ ತಿರುವಿನಲ್ಲಿ ಕಂಡೊಡನೆ ಅಲ್ಲಿನವರಿಗೆಲ್ಲ ಊಟದ ಹೊತ್ತಾಗಿಬಿಡುತ್ತಿತ್ತು, ಬೆಳಗಿನ ಎಂಟು ಗಂಟೆಗೂ!

ಒಂದು ಭಾನುವಾರ ಕಾಕಾ ನನ್ನನ್ನು ಜೊತೆಗೆ ಕರೆದುಕೊಂಡು ಕೋಠಿಯ ಹಳೆಯ ಪುಸ್ತಕದ ಅಂಗಡಿಗಳನ್ನು ಜಾಲಾಡಿದರು. ಎಂಜಿನ್ನಿನ ಪುಸ್ತಕ ಎಂದರೆ ಅಂಗಡಿಯವನು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಪುಸ್ತಕ ಕೊಡುತ್ತಾನೆ. "ನನಗಲ್ಲಪಾ, ಟ್ರಕ್ಕಿಗೆ" ಎಂದರೆ ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡುತ್ತಾನೆ. ಕೊನೆಗೂ ರಟ್ಟು ಹರಿದ ಒಂದು ದಪ್ಪ ಪುಸ್ತಕ ಸಿಕ್ಕಿತು. ಒಳಗೆ ಎಂಜಿನ್ನಿನ ಚಿತ್ರಗಳು, ಆಕ್ಟೇನಿನ ಮೇಲೆ ಒಂದು ಇಡೀ ಅಧ್ಯಾಯ. ಕಾಕಾ ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತೇ ಬಂದರು.

ಓದಿ ಮುಗಿಸಿದ ದಿನ ಘೋಷಣೆ ಹೊರಬಿತ್ತು. "ನೂರು! ಇನ್ನ ಮ್ಯಾಲ ನೂರು ಆಕ್ಟೇನಿಂದ ಹಾಕೋದು. ಪುಸ್ತಕದಾಗ ಸ್ವಚ್ಛ ಬರದೈತಿ."

ಊರೆಲ್ಲ ಹುಡುಕಿ ಅದನ್ನು ತುಂಬಿಸಿದ್ದಾಯಿತು. ಸಾದಾ ಪೆಟ್ರೋಲಿಗಿಂತ ಬಲು ದುಬಾರಿ. ರೊಟ್ಟಿಯ ಲಾಭವೆಲ್ಲ ಹೊಗೆಯಾಗಿ ಹೋಗುತ್ತದೆಂದು ಕಾಕು ಗೊಣಗಿದರು. ಫ್ಲೈಓವರ್ ಬಂತು. ಟಿಕ್ ಟಿಕ್ ಟಿಕ್! ಕಾಕಾನ ಮುಖ ಬಿಳಿಚಿತು. ಸಂಜೆ ನಾನು ಆ ಪುಸ್ತಕದ ಮೊದಲ ಪುಟಗಳನ್ನು ತಿರುವಿದೆ. ಕಾಕಾ ನೇರವಾಗಿ ಆಕ್ಟೇನಿನ ಅಧ್ಯಾಯಕ್ಕೇ ಹೋಗಿದ್ದರಲ್ಲ, ಮೊದಲ ಪುಟ ನೋಡಿರಲಿಲ್ಲ.

"ಕಾಕಾ, ಇದು ವಿಮಾನದ ಎಂಜಿನ್ನಿನ ಪುಸ್ತಕ!"

ಕಾಕಾ ಕನ್ನಡಕ ಏರಿಸಿ ನೋಡಿದರು. ಆಮೇಲೆ, "ವಿಮಾನಕ್ಕ ನಡದದ್ದು ನಮ್ಮ ಗಾಡಿಗಿ ಯಾಕ ನಡೀಬಾರ್ದು?" ಎಂದರು.

"ಹಾರೋದು ಬ್ಯಾಡ್ರಿ ನಮಗ. ಲಿಂಗಂಪಲ್ಲಿ ಮುಟ್ಟಿದ್ರ ಸಾಕು" ಎಂದು ಕಾಕು ಹಿಟ್ಟು ನಾದಲು ಎದ್ದರು.

ನಾವು ನಕ್ಕೆವು. ಆದರೆ ಕಾಕಾನ ಸ್ಥಿತಿ ನಗುವಂಥದ್ದಾಗಿರಲಿಲ್ಲ. ಊಟದ ನಡುವೆ ಕೈ ನಿಲ್ಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಫ್ಲೈಓವರ್ ಹತ್ತುವಾಗ ಎರಡೂ ಕೈಗಳಿಂದ ಡ್ಯಾಶ್‌ಬೋರ್ಡನ್ನು ಹಿಡಿದುಕೊಂಡು, ತಾವೇ ಗಾಡಿಯನ್ನು ಮೇಲಕ್ಕೆ ತಳ್ಳುತ್ತಿರುವವರಂತೆ ಉಸಿರು ಬಿಗಿಹಿಡಿಯುತ್ತಿದ್ದರು. ಒಂದೆರಡು ಸಲ ಕಾಕು, "ನೀವು ಮನ್ಯಾಗ ಇರ್ರಿ, ನಿಮ್ಮ ಬಿ.ಪಿ. ಏರ್ತೈತಿ, ನಾ ಹೋಗಿಬರ್ತೀನಿ" ಎಂದರು. "ಈ ಸಪ್ಪಳ ಹೋಗೂತನಕ ನಿನ್ನ ಒಬ್ಬಾಕಿನ್ನ ಬಿಡೂದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ನಮ್ಮ ಅಂಗಡಿಯಿಂದ ಅವರ ಬಿ.ಪಿ. ಮಾತ್ರೆ ತಂದುಕೊಡುವವಳು ನಾನೇ. ಡಾಕ್ಟರು ಅದರ ಪವರನ್ನು ಹೆಚ್ಚಿಸಿದಾಗ ನನಗೂ ಹೆದರಿಕೆಯಾಯಿತು.

ಗ್ಯಾರೇಜಿಗೆ ಎಷ್ಟು ಸಲ ಹೋಗಿಬಂದರೋ! ಮೆಕ್ಯಾನಿಕ್ಕು ಓಡಿಸಿ ನೋಡಿದರೆ ಟಿಕ್ ಇಲ್ಲ, ಟಕ್ ಇಲ್ಲ. "ಗಾಡಿ ಏಕದಮ್ ಫಸ್ಟ್ ಕ್ಲಾಸ್ ಹೈ ಚಚಾ. ಆಪ್ ಕಾನ್ ದಿಖಾ ಲೋ" ಎಂದು ಒಬ್ಬ ಹೇಳಿಯೇಬಿಟ್ಟ. ಎಂಜಿನ್ ಸರಿ ಇದೆ, ಕಿವಿ ತೋರಿಸಿಕೊಳ್ಳಿ ಎಂದು! ಯಾರಿಗೆ? ಎರಕದೊಳಗಿನ ಕೂದಲೆಳೆಯಷ್ಟು ಬಿರುಕನ್ನು ಕೇಳಿ ಹೇಳುತ್ತಿದ್ದ ನಮ್ಮ ಕಾಕಾನಿಗೆ! ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಕಾಕು ಮರುದಿನ ಹೇಳಿದರು.

ಆಮೇಲೆ ಶುರುವಾಯಿತು ಮಿಶ್ರಣದ ಪರ್ವ. ಒಂದು ಬಂಕಿನಲ್ಲಿ ಒಂದಿಷ್ಟು ಸಾದಾ, ಇನ್ನೊಂದು ಬಂಕಿನಲ್ಲಿ ಒಂದಿಷ್ಟು ಮೇಲಿನದು. ಚಹಾಕ್ಕೆ ಹಾಲು ನೀರಿನ ಹದ ಹುಡುಕಿದಂತೆ ದಿನಾ ಒಂದು ಹದ. ಒಂದು ಗುರುವಾರ ಲಿಂಗಂಪಲ್ಲಿಯಲ್ಲಿ ಒಂದು ಮನೆಯ ನಾಮಕರಣಕ್ಕೆಂದು ಮೆತ್ತನೆಯ ಬಿಸಿ ರೊಟ್ಟಿಯ ಆರ್ಡರು ಬಂತು. ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ಒಯ್ದರು. ಫ್ಲೈಓವರ್ ಹತ್ತಿದರು, ಇಳಿದರು. ಸದ್ದೇ ಇಲ್ಲ! ಬರುವಾಗ ಕಾಕಾ ಪೇಡೆ ಕೊಂಡು ತಂದು ಓಣಿಗೆಲ್ಲ ಹಂಚಿದರು. "ಹದ ಸಿಕ್ತು! ಮೂರು ಪಾಲು ಸಾದಾ, ಒಂದು ಪಾಲು ಮ್ಯಾಲಿಂದು!" ಶುಕ್ರವಾರ ಅದೇ ಹದ, ಅದೇ ದಾರಿ. ಹಿಂದೆ ದಿನದಂತೆ ಖಡಕ್ ರೊಟ್ಟಿಯ ಡಬ್ಬಿಗಳು. ಟಿಕ್ ಟಿಕ್ ಟಿಕ್ ಟಿಕ್! ಹಂಚಿದ ಪೇಡೆಯನ್ನು ವಾಪಸು ಕೇಳಲಾದೀತೆ?

ಖಡಕ್ ರೊಟ್ಟಿ ಗೊತ್ತಲ್ಲ? ತೆಳ್ಳಗೆ ಬಡಿದು, ಬೇಯಿಸಿ, ಹಪ್ಪಳದಂತೆ ಗರಿಗರಿಯಾಗಿ ಒಣಗಿಸಿದ್ದು, ತಿಂಗಳಿಟ್ಟರೂ ಕೆಡುವುದಿಲ್ಲ. ಅದರ ತಪಾಸಣಾಧಿಕಾರಿ ಯಾರೆಂದು ಬೇರೆ ಹೇಳಬೇಕೇ? ಒಂದೊಂದನ್ನೂ ಬೆರಳಿನಿಂದ ಬಡಿದು, ಕೇಳಿ, ತೇವ ಉಳಿದದ್ದನ್ನು ಬದಿಗಿಟ್ಟು, ಉಳಿದದ್ದನ್ನು ಕಾಕಾನೇ ಸ್ಟೀಲಿನ ದೊಡ್ಡ ಡಬ್ಬಿಗಳಲ್ಲಿ ನಿಲ್ಲಿಸಿ ಇಡುತ್ತಿದ್ದರು. ಗಾಳಿಯಾಡದಿದ್ದರೆ ಮೆತ್ತಗಾಗುತ್ತವೆಂದು ಸಡಿಲವಾಗಿ. ಕಾಕು ಬಟ್ಟೆ ತುರುಕಲು ಹೋದರೆ, "ಅವಕ್ಕೂ ಉಸಿರಾಡಾಕ ಜಾಗ ಬೇಕಲ್ಲ" ಎಂದು ತೆಗೆದುಬಿಡುತ್ತಿದ್ದರು.

ಮುಂದಿನ ವಾರ ನನಗೆ ರಜೆ ಇತ್ತು. ಲಿಂಗಂಪಲ್ಲಿಯಲ್ಲಿ ಗೆಳತಿಯನ್ನು ನೋಡಬೇಕಿತ್ತಾದ್ದರಿಂದ ಇಬ್ಬರು ಕೂರುವ ಜಾಗದಲ್ಲಿ ನಾನೂ ತುರುಕಿಕೊಂಡು ಹೊರಟೆ. ಫ್ಲೈಓವರಿನಲ್ಲಿ ನನಗೂ ಸದ್ದು ಕೇಳಿಸಿತು. "ಹೌದ್ರಿ ಕಾಕಾ! ಟಿಕ್ ಟಿಕ್!" ಎಂದೆ. ಕಾಕಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಕಣ್ಣಲ್ಲಿ ನೀರೇ ಬಂದಿತ್ತು. ಅಷ್ಟು ದಿನದಲ್ಲಿ ಅವರನ್ನು ನಂಬಿದವಳು ನಾನೊಬ್ಬಳೇ.

ಮುಂದೆ ರೈಲು ಹಳಿಯ ಪಕ್ಕದ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಾಕು ಪೆಟ್ರೋಲು ಉಳಿಸಲೆಂದು ಎಂಜಿನ್ ಆರಿಸಿದರು. ಅಷ್ಟರಲ್ಲಿ ಒಂದು ಗೂಡ್ಸ್ ರೈಲು ಬಂತು. ಉದ್ದದ್ದು, ಭಾರದ್ದು. ನೆಲ ಸಣ್ಣಗೆ ನಡುಗಿತು.

ಟಿಕ್ ಟಿಕ್ ಟಿಕ್ ಟಿಕ್.

ಮೂವರೂ ಎಂಜಿನ್ನಿನ ಕೀಲಿಯತ್ತ ನೋಡಿದೆವು. ಆರಿದೆ! ಟಿಕ್ ಟಿಕ್ ಟಿಕ್. ಮೂವರೂ ಮೆಲ್ಲಗೆ ಹಿಂದಕ್ಕೆ ತಿರುಗಿ ನೋಡಿದೆವು. ಹಿಂದೆ ಡಬ್ಬಿಗಳು. ಡಬ್ಬಿಗಳೊಳಗೆ ಆರಾಮಾಗಿ ಉಸಿರಾಡುತ್ತ, ಸ್ಟೀಲಿಗೆ ತಲೆ ಬಡಿದುಕೊಳ್ಳುತ್ತಿರುವ ಖಡಕ್ ರೊಟ್ಟಿಗಳು! ಫ್ಲೈಓವರಿನ ಜೋಡಣೆಗಳ ಮೇಲೆ ಗಾಡಿ ಕುಲುಕಿದಾಗೆಲ್ಲ ಬಡಿದುಕೊಂಡದ್ದು ಇವೇ. ಗ್ಯಾರೇಜಿಗೆ ಹೋದಾಗೆಲ್ಲ ಗಾಡಿ ಖಾಲಿ ಇರುತ್ತಿತ್ತಲ್ಲ, ಬಡಪಾಯಿ ಮೆಕ್ಯಾನಿಕ್ಕಿಗೆ ಎಲ್ಲಿಂದ ಕೇಳಬೇಕು?

ಕಾಕು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಗತೊಡಗಿದರು. ಸಿಗ್ನಲ್ ಹಸಿರಾಗಿ, ಹಿಂದಿನವರು ಹಾರ್ನ್ ಹೊಡೆದು, ಮತ್ತೆ ಕೆಂಪಾದರೂ ನಗು ನಿಲ್ಲಲಿಲ್ಲ. "ರೊಟ್ಟಿಗಿ ಎಷ್ಟು ಆಕ್ಟೇನ್ ಹಾಕೂದ್ರಿ?" ಎಂದು ಕೇಳಿ ಮತ್ತೆ ನಕ್ಕರು. ನಾನೂ ನಕ್ಕೆ. ಕಾಕಾ ನಗಲಿಲ್ಲ. ಅವರ ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ, ಸೋತ ಕಳೆಯೂ ಇರಲಿಲ್ಲ. ಏನೋ ಕಳೆದುಕೊಂಡವರಂತೆ ಕಿಟಕಿಯ ಹೊರಗೆ ನೋಡುತ್ತ ಕೂತರು.

ಮನೆಗೆ ಬಂದೊಡನೆ ಕಾಕು ಒದ್ದೆ ಬಟ್ಟೆ ತಂದು, ಕೈಮುಗಿದು ಕ್ಷಮೆ ಕೇಳಿ, ಟ್ಯಾಂಕಿನ ಮುಚ್ಚಳದೊಳಗಿನ ಕುಂಕುಮವನ್ನು ಉಜ್ಜಿ ತೆಗೆದರು. ಅಂಕಿ ಕಂಡಿತು. ತೊಂಬತ್ತೊಂದು ಅಥವಾ ಮೇಲೆ. ಎಂದರೆ, ಯಾವ ಬಂಕಿನಲ್ಲಾದರೂ ಸಿಗುವ ಸಾದಾ ಪೆಟ್ರೋಲು! ನೂರು ಹಾಕಿದ್ದರಿಂದ ಕೆಟ್ಟದ್ದೂ ಆಗಿರಲಿಲ್ಲ, ಒಳ್ಳೆಯದೂ ಆಗಿರಲಿಲ್ಲ. ಕಾಕಾ ಒಮ್ಮೆ ಬಗ್ಗಿ ಓದಿ, "ಹೂಂ" ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಬಿ.ಪಿ. ಮಾತ್ರೆ ಕೊಡಲು ಹೋದಾಗ ಡಬ್ಬಿಗಳಿಗೆಲ್ಲ ಹಳೆಯ ಸೀರೆಯ ತುಂಡುಗಳನ್ನು ತುರುಕಿ ಗಾಡಿಗೆ ಏರಿಸಿದ್ದರು. ಕಾಕಾ ಇಸ್ತ್ರಿಯ ಅಂಗಿ ತೊಟ್ಟು ದಿನದಂತೆ ಸಿದ್ಧರಾಗಿ ಗೇಟಿನ ಹತ್ತಿರ ನಿಂತಿದ್ದರು. ಕಾಕು ಸ್ಟೇರಿಂಗಿನ ಮುಂದೆ ಕೂತು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಸಪ್ಪಳ ಹೋತಲ್ರಿ. ಇನ್ನ ನೀವ್ಯಾಕ ದಿನಾ ಈ ಬಿಸಲಾಗ ಬರ್ತೀರಿ? ಆರಾಮ ಮನ್ಯಾಗ ಕುಂದರ್ರಿ."

ಕಾಕಾ ಗೇಟಿನ ಮೇಲಿಟ್ಟ ಕೈ ತೆಗೆದರು. "ಹೂಂ. ಹೋಗಿಬಾ. ಸಾವಕಾಶ ಹೋಗು" ಎಂದರು.

ಗಾಡಿ ಹೊರಟಿತು. ಒಂದು ಟಿಕ್ ಕೂಡ ಇಲ್ಲ. "ನೋಡ್ರಿ ಕಾಕಾ, ಎಷ್ಟು ಛಂದ ಹೊಂಟೈತಿ! ಇನ್ನ ಚಿಂತಿಲ್ಲ ನಿಮಗ" ಎಂದೆ. ಕಾಕಾ ಮೆಟ್ಟಿಲ ಮೇಲೆ ಕುಸಿದು ಕೂತರು. ಅಂಗೈಯಿಂದ ಎದೆಯನ್ನು ಒತ್ತಿಕೊಂಡಿದ್ದರು. ನಾನು ಗಾಬರಿಯಾಗಿ ಪಕ್ಕದಲ್ಲಿ ಕೂತೆ.

"ಏನಾತ್ರಿ ಕಾಕಾ? ನೋವು ಬರಾಕತ್ತೈತೇನು?"

"ನೋವಲ್ಲ ಯವ್ವಾ. ಅಂಜಿಕಿ." ಅವರು ಓಣಿಯ ತುದಿಯನ್ನೇ ನೋಡುತ್ತಿದ್ದರು. "ಆ ಬಸ್ಸು ಆಕಿ ಸೆರಗಿಗಿ ತಾಗಿ ಹೋತಲ್ಲ, ಅವತ್ತಿನಿಂದ ಆಕಿ ಕಣ್ಣಿಗೆ ಕಾಣವಲ್ಲಳು ಅಂದ್ರ ನನ್ನ ಜೀವ ನಿಲ್ಲೂದಿಲ್ಲ. ಗಂಡಸಾಗಿ ಹೆಂಗ ಹೇಳಲಿ ಆಕಿಗಿ? ಸಪ್ಪಳ ಐತಿ ಅಂತ ಬಾಜೂಕ ಕುಂದರತಿದ್ದೆ. ಈಗ ಅದೂ ಇಲ್ಲ."

ಇಷ್ಟು ದಿನ ಅವರನ್ನು ಗೇಲಿ ಮಾಡಿದವಳು ನಾನು. ಅವರ ಬೆನ್ನ ಮೇಲೆ ಕೈಯಿಟ್ಟೆ.

ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ನೋಡಿದರೆ ನಮ್ಮದೇ ಟ್ರಕ್ಕು, ಹಿಮ್ಮುಖವಾಗಿ, ಅಡ್ಡಾದಿಡ್ಡಿಯಾಗಿ ಬರುತ್ತಿದೆ. ಮೇಷ್ಟ್ರ ಮನೆಯ ಹೂಕುಂಡವೊಂದನ್ನು ಉರುಳಿಸಿ ಗೇಟಿನ ಮುಂದೆ ಬಂದು ನಿಂತಿತು. ಕಾಕು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರ ಕಣ್ಣು ಕಾಕಾನ ಇಸ್ತ್ರಿಯ ಅಂಗಿಯ ಮೇಲಿತ್ತು.

"ಏನ್ರಿ, ಏನೋ ಸಪ್ಪಳ ಬರಾಕತ್ತೈತಿ. ಒಂದೀಟು ಬಂದು ಕೇಳ್ರಿ."

ಕಾಕಾ ಎದ್ದು ನಿಂತರು. "ಎಂಥಾ ಸಪ್ಪಳ?"

"ನನಗೇನ ತಿಳೀತೈತಿ? ನೀವ ಕುಂತು ಕೇಳಬೇಕು."

ಕಾಕಾ ಚಪ್ಪಲಿ ಸಿಕ್ಕಿಸಿಕೊಂಡು, ಆ ಕಡೆ ಸುತ್ತಿ ಹೋಗಿ, ಸೀಟು ಹತ್ತಿ ಬಾಗಿಲು ಎಳೆದುಕೊಂಡರು. "ಎಲ್ಲೀತನಕ ಕೇಳ್ಲಿ?" ಎಂದು ಕೇಳಿದರು.

"ಲಿಂಗಂಪಲ್ಲಿ ತನಕ" ಎಂದರು ಕಾಕು, ಗೇರು ಹಾಕುತ್ತ. "ಬರೂ ಮುಂದನೂ ಕೇಳ್ರಿ."